ಬಾಗಿಲು ತೆಗೆಯುವ ಮುನ್ನ

ಜನವರಿ 12, ಸೋಮವಾರ

ಮತ್ತೆ ಒಂಟೆ. ಬಾಸ್ ಡೆಕ್ಲನ್‌ನ ಸ್ಕೆಚ್‌ನಲ್ಲಿ ಇವತ್ತು ಎರಡು, ಹಿತ್ತಾಳೆಯವು, ರಿಸೆಪ್ಷನ್ನಿನ ಎರಡೂ ಬದಿಗೆ. ಏರ್‌ಪೋರ್ಟ್ ಪಕ್ಕ ಕಟ್ಟುವ ಹೋಟೆಲಿಗೆ ಆಟೋಮನ್ ಕಾಲದ ಕಾರವಾನ್‌ಸರಾಯ್, ಒಂಟೆ ಸಾಲುಗಳು ತಂಗುತ್ತಿದ್ದ ತಾಣದ ಥೀಮ್ ಅಂತೆ. ಬಾಸ್ ಒಂದು ವಾರ ಟರ್ಕಿಗೆ ಹೋಗಿ ಬಂದ. ಅದರ ಫಲ ನಮ್ಮ ತಲೆಗೆ. ಇತಿಹಾಸ ಒಂದು ಪುಟ ಬರೆಯಬೇಕಾದವಳು ನಾನು, ಮೈಸೂರಿನಲ್ಲಿ ಅದರ ಮೇಲೆ ಥೀಸಿಸ್ ಮಾಡಿದ ತಪ್ಪಿಗೆ. "ಲೈಟಾಗಿರಲಿ, ಜೋ" ಎಂದ. ಜ್ಯೋತ್ಸ್ನಾ ಅನ್ನಲು ಬಾರದು.

ಮನೆಗೆ ಬಂದರೆ ಸಂಪತ್. ಗಂಡ ಪ್ರಹ್ಲಾದನ ಚಿಕ್ಕಪ್ಪನ ಮಗ, ಡಾಕ್ಟರ್. ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಈ ಪರದೇಶದಲ್ಲಿ ಬಾಡಿಗೆಗೆ ರೂಮು ಸಿಕ್ಕಿಲ್ಲ. ನವೆಂಬರಿನಲ್ಲಿ "ನಾಲ್ಕೇ ದಿನ ಅತ್ತಿಗೆ" ಎಂದು ಬಂದವನು ಬಾಕ್ಸ್ ರೂಮೆಂಬ ಗೂಡಿನಂಥ ಕೋಣೆಯಲ್ಲಿ ಬೇರು ಬಿಟ್ಟಿದ್ದಾನೆ. ಊರಿಂದ ಕುಕ್ಕರ್ ಕೂಡ ಹೊತ್ತು ತಂದಿದ್ದಾನೆ, ಪುಣ್ಯಾತ್ಮ. ಅಡುಗೆ ಮಾತ್ರ ನನ್ನದು.

ಜನವರಿ 14, ಬುಧವಾರ

ಬರೆದೆ. ಲೈಟಾಗಿ ಅಲ್ಲ.

ಬುರ್ಸಾ ಊರಿನ ಹಾನ್, ಅಂದರೆ ವ್ಯಾಪಾರಿಗಳ ಛತ್ರ. ಹದಿನಾಲ್ಕನೆಯ ಶತಮಾನ. ನಡುವೆ ಅಂಗಳ, ಸುತ್ತ ಎರಡು ಅಂತಸ್ತು. ಕೆಳಗೆ ಕಿಟಕಿಯಿಲ್ಲದ ಉಗ್ರಾಣಗಳು — ಸರಕು ಕಳುವಾಗಬಾರದಲ್ಲ. ಮೇಲೆ ಮಲಗುವ ಕೋಣೆಗಳು, ಕಿಟಕಿ, ಚಳಿಗೆ ಒಲೆ. ಹಿತ್ತಾಳೆ ಒಂಟೆ ಎಲ್ಲೂ ಇಲ್ಲ. ದಾರಿಯ ಮೇಲಿನ ಕಾರವಾನ್‌ಸರಾಯ್‌ಗಳಲ್ಲಿ ಮೂರು ದಿನ ಊಟ, ಹಾಸಿಗೆ ಪುಕ್ಕಟೆ. ನೀನು ಯಾವ ಧರ್ಮದವನು ಎಂದು ಕೇಳುತ್ತಿರಲಿಲ್ಲ. ರಾತ್ರಿ ಹೆಬ್ಬಾಗಿಲು ಹಾಕಿದರೆ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮುನ್ನ ಕಾವಲುಗಾರ ಕೂಗಿ ಕೇಳುತ್ತಿದ್ದನಂತೆ: ನಿಮ್ಮ ಸಾಮಾನು, ಕುದುರೆ, ಪ್ರಾಣ ಎಲ್ಲ ಸರಿಯಾಗಿದೆಯೇ? ಇದೆ ಎಂದ ಮೇಲೇ ಬಾಗಿಲು. ಮುಂದಿನ ಕಾಲದ ಪ್ರವಾಸಿಯೊಬ್ಬ ಬರೆದಿಟ್ಟದ್ದು.

ಡೆಕ್ಲನ್ ಓದಿ "ಗ್ರ್ಯಾಂಡ್" ಎಂದ. ಪುಕ್ಕಟೆ ಅನ್ನುವ ಸಾಲು ಹೊಡೆದುಹಾಕಿದ. ಕಾವಲುಗಾರನನ್ನೂ. ದಡ್ಡ.

ಆದರೂ ಆ ಮೂರು ದಿನ ಒಳ್ಳೆಯ ನಿಯಮ. ಪ್ರಹ್ಲಾದನಿಗೆ ಹೇಳಿದೆ.

"ಹೋಗು ಅಂತ ಹೆಂಗೇ ಹೇಳೋದು? ಚಿಕ್ಕಪ್ಪ ಏನಂದ್ಕೋತಾರೆ?"

ಗಂಡನೋ, ದಾಕ್ಷಿಣ್ಯದ ಮೂಟೆಯೋ.

ಜನವರಿ 17, ಶನಿವಾರ

ಬಡಿಸುತ್ತಾ ನಾನೇ ಹೇಳಿಬಿಟ್ಟೆ. ನಗುನಗುತ್ತಲೇ.

"ಸುಲ್ತಾನರೂ ಮೂರು ದಿನ ಅಷ್ಟೇ ಇಟ್ಕೊಳ್ತಿದ್ದಿದ್ದು, ಸಂಪತ್."

ಪ್ರಹ್ಲಾದ ತಟ್ಟೆಯಿಂದ ತಲೆ ಎತ್ತಲಿಲ್ಲ. ಸಂಪತ್ ನಕ್ಕ. ಮಜ್ಜಿಗೆಗೆ ಅನ್ನ ಹಾಕಿಸಿಕೊಳ್ಳಲಿಲ್ಲ.

"ರೂಮ್ ಸಿಕ್ತು ಅತ್ತಿಗೆ. ಹೇಳೋಣ ಅಂತಿದ್ದೆ. ನಾಳೆನೇ ಹೋಗ್ತೀನಿ."

ಇಷ್ಟು ದಿನ ಸಿಗದ್ದು ಸಾರು ಬಡಿಸುವಷ್ಟರಲ್ಲಿ ಸಿಕ್ಕಿತು. ಮೊದಲೇ ಹೇಳಬೇಕಿತ್ತು.

ಜನವರಿ 18, ಭಾನುವಾರ

ಹೋದ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟೆ. ಎರಡು ಸೂಟ್‌ಕೇಸ್, ಬಟ್ಟೆಚೀಲದಲ್ಲಿ ಕುಕ್ಕರ್. ಅವನು ಶೂ ಹಾಕಿಕೊಳ್ಳುತ್ತಿದ್ದಾಗ ರೂಮು ಎಲ್ಲಿ ಎಂದು ಕೇಳಲು ಬಾಯಿ ತೆರೆದೆ. ಹೊರಟವರನ್ನು ಎಲ್ಲಿಗೆ ಅನ್ನಬಾರದು, ಅಪಶಕುನ. ಊರಲ್ಲಾದರೆ ಹಾಗೆ ಕೇಳಿಸಿಕೊಂಡವರನ್ನು ನಮ್ಮತ್ತೆ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ ಕಳಿಸುತ್ತಾರೆ. ಮತ್ತೆ ಕೂತುಬಿಟ್ಟರೆ? ಸುಮ್ಮನಾದೆ. ಶಾಸ್ತ್ರ ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು.

"ಹೋಗ್ಬರ್ತೀನಿ ಅತ್ತಿಗೆ."

ಬರುವುದೊಂದು ಬೇಡ. ಬಾಕ್ಸ್ ರೂಮು ಗುಡಿಸಿದೆ. ಈ ಸ್ವೋರ್ಡ್ಸ್ ಊರಿಗೆ ಬಂದಮೇಲೆ ಮನೆ ಇಷ್ಟು ದೊಡ್ಡದಾಗಿ ಕಂಡೇ ಇರಲಿಲ್ಲ.

ಜನವರಿ 29, ಗುರುವಾರ. ಬೆಳಿಗ್ಗೆ 7.40, ಏರ್‌ಪೋರ್ಟ್

ಇಸ್ತಾಂಬುಲ್‌ನಿಂದ ದೀಪ ಮಾರುವವನು ಬರುತ್ತಾನೆ, ಕರೆದುಕೊಂಡು ಬಾ ಅಂತ ಡೆಕ್ಲನ್. ಆರ್ಕಿಟೆಕ್ಟ್ ಈಗ ಡ್ರೈವರ್. ವಿಮಾನ ಲೇಟು.

ಅರೈವಲ್ಸ್‌ನ ಬೆಂಚಿನ ಮೇಲೆ ಒಬ್ಬ ಮಲಗಿದ್ದ. ಕತ್ತಿನಲ್ಲಿ ಆಸ್ಪತ್ರೆಯ ಬ್ಯಾಡ್ಜ್. ತಲೆಯ ಕೆಳಗಿನ ಬಟ್ಟೆಚೀಲದಿಂದ ಕುಕ್ಕರಿನ ಹಿಡಿ ಹೊರಗೆ ಬಂದಿತ್ತು.

ಎಬ್ಬಿಸಿದೆ. ಮೊದಲು ಕೂದಲು ಸರಿಮಾಡಿಕೊಂಡ.

"ಊರಿಂದ ಫ್ರೆಂಡ್ ಬರ್ತಿದಾನೆ ಅತ್ತಿಗೆ. ಕರ್ಕೊಂಡ್ಹೋಗೋಕೆ ಬಂದೆ."

ಕುಕ್ಕರ್ ಸಮೇತ. ಈಗಲೂ ನನ್ನ ಮಾನ ಉಳಿಸಲು ನೋಡುತ್ತಿದ್ದಾನೆ.

"ಅವತ್ತಿಂದ ಇಲ್ಲೇನಾ?"

"ಇಲ್ಲ... ಡ್ಯೂಟಿ ಇದ್ದಾಗ ಆಸ್ಪತ್ರೇಲೇ."

ಆ ಕಾವಲುಗಾರ ಗುರುತಿಲ್ಲದವರನ್ನು ಕೂಡ ಕೇಳುತ್ತಿದ್ದ. ನಾನು ಅವನ ಮೇಲೆ ಥೀಸಿಸ್ ಬರೆದವಳು, ಏನೂ ಕೇಳದೆ ಬಾಗಿಲು ಹಿಡಿದು ನಿಂತಿದ್ದೆ. ಥೂ, ನನ್ನ ಜನ್ಮಕ್ಕೆ.

"ಮನೆಗೆ ನಡಿ" ಎಂದೆ.

"ಸರಿ ಅತ್ತಿಗೆ. ಇದನ್ನ ಹಿಡ್ಕೊಂಡಿರಿ, ಮುಖ ತೊಳ್ಕೊಂಡು ಬರ್ತೀನಿ."

ಹೋದ. ಎಲ್ಲಿಗೆ ಅನ್ನಲಿಲ್ಲ, ಅಭ್ಯಾಸ. ಕುಕ್ಕರ್ ನನ್ನ ತೊಡೆಯ ಮೇಲಿದೆ. ದೀಪದವನ ವಿಮಾನ ಇಳಿದಿದೆಯಂತೆ. ಇಷ್ಟು ಹೊತ್ತು ಬೇಕೆ? ಸೂಟ್‌ಕೇಸ್ ಎರಡೂ ಎಳೆದುಕೊಂಡು ಹೋಗಿದ್ದಾನೆ. ಮುಖ ತೊಳೆಯಲು ಯಾರಾದರೂ ಸೂಟ್‌ಕೇಸ್—