ಸಾಲದ ಮನೆಯ ನೀರು

ಹೊಸದುರ್ಗ
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅವ್ವ,

ನಾವು ಮೂವರೂ ಗಟ್ಟಿಮುಟ್ಟಾಗಿದ್ದೇವೆ. ಫೋನಿರುವಾಗ ಕಾಗದ ಯಾಕೆ ಎಂದು ಮೂಗು ಮುರಿಯಬೇಡ. ಫೋನಿನಲ್ಲಿ ಬ್ಯಾಂಕಿನ ಮಾತು ತೆಗೆದರೆ ಸಾಕು, ಕುರಿಗೆ ನೀರು ಕುಡಿಸಬೇಕು ಎಂದು ಇಟ್ಟುಬಿಡುತ್ತೀಯ. ಇದನ್ನು ತಮ್ಮ ಯೋಗೇಶನ ಕೈಲಿ ಓದಿಸಬೇಡ. ರಾತ್ರಿ ಶಾಲೆಯಲ್ಲಿ ಕಲಿತಿದ್ದೀಯಲ್ಲ, ನೀನೇ ಅಕ್ಷರ ಕೂಡಿಸಿಕೊಂಡು ಓದು.

ಎಂಟು ವರ್ಷದ ಹಿಂದೆ ಈ ಮನೆಯ ಗೃಹಪ್ರವೇಶದ ದಿನ ನೀನು ಒಳಗೆ ಬಾರದೆ ಜಗಲಿ ಮೇಲೆ ಕಂಬಳಿ ಹಾಸಿ ಕುಂತೆ. "ಸಾಲದ ಮನ್ಯಾಗೆ ನಾನು ನೀರು ಮುಟ್ಟಲ್ಲ ಕಣವ್ವ, ತೀರಿದ ದಿನ ಕರಿ, ಹೊಟ್ಟೆ ತುಂಬ ಉಣ್ತೀನಿ" ಅಂದೆ. ಅವತ್ತಿನಿಂದ ಜವನಗೊಂಡನಹಳ್ಳಿಯಿಂದ ರಾಗಿ ಹೊತ್ತು ಬರುತ್ತೀಯ, ಜಗಲಿಯಲ್ಲೇ ಮೊಮ್ಮಗಳ ತಲೆ ಬಾಚುತ್ತೀಯ, ನೀನು ತಂದ ಬಾಟಲಿಯ ನೀರನ್ನೇ ಕುಡಿದು ಬಸ್ಸು ಹತ್ತುತ್ತೀಯ. ನಿನ್ನ ಹಟಕ್ಕೆ ಸಿಟ್ಟು ಬಂದು, ನೀನು ಹೋದ ಮೇಲೆ ಪಡಸಾಲೆಯಲ್ಲಿ ಕೂತು ಅತ್ತದ್ದೂ ಉಂಟು.

ಸಾಲ ೨೦೩೭ಕ್ಕೆ ತೀರುತ್ತದೆ ಎಂದು ಹೇಳಿದ್ದೆ. ನೀನು ಬೆರಳು ಮಡಚಿ ಎಣಿಸಿ, "ಎಪ್ಪತ್ತೆಂಟಾಗತೈತೆ, ಬದುಕಿರ್ತೀನಿ ಬಿಡು" ಅಂದಿದ್ದೆ. ಆಮೇಲೆ ನಡೆದದ್ದನ್ನು ನಿನ್ನಿಂದ ಮುಚ್ಚಿಟ್ಟೆ.

ನಮ್ಮದು ಬಡ್ಡಿ ಏರಿಳಿಯುವ ಸಾಲ. ಮೂರು ವರ್ಷದ ಹಿಂದೆ ಬಡ್ಡಿ ಮೇಲಿಂದ ಮೇಲೆ ಏರಿತು, ಕಂತು ಮಾತ್ರ ಒಂದು ರೂಪಾಯಿಯೂ ಏರಲಿಲ್ಲ. ನಿನ್ನ ಅಳಿಯ ಜುಂಜೇಶ್, ನಮ್ಮ ಬ್ಯಾಂಕು ಬಲು ಒಳ್ಳೇದು ಎಂದು ಬಸ್ ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದರು. ಕಂತಿನ ಬದಲು ಸಾಲ ಕಟ್ಟುವ ತಿಂಗಳುಗಳನ್ನು ಏರಿಸಿದ್ದಾರೆಂದು ತಿಳಿದದ್ದು ವರ್ಷ ಕಳೆದ ಮೇಲೆ. ೨೦೩೭ ಹೋಗಿ ೨೦೪೦ ಆಗಿತ್ತು. ಆಗ ನಿನಗೆ ಎಂಬತ್ತೊಂದು. ಹೇಳಲು ಬಾಯಿ ಬರಲಿಲ್ಲ ಅವ್ವ.

ಈ ವರ್ಷ ಬಡ್ಡಿ ಇಳಿಯಿತು. ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಸುತ್ತಿರುವ ತೇಜಸ್ವಿನಿಗೆ ಹೊಸ ಸಾಲ ಮೊದಲ ದಿನದಿಂದಲೇ ಏಳೂಮುಕ್ಕಾಲಕ್ಕೆ ಸಿಕ್ಕಿತು. ಅದೇ ಬ್ಯಾಂಕಿನಲ್ಲಿ, ಒಂದು ಕಂತೂ ತಪ್ಪಿಸದ ನನ್ನದು ಒಂಬತ್ತೂವರೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಶಾಲೆಗೆ ಅರ್ಧ ದಿನ ರಜೆ ಹಾಕಿ ಮ್ಯಾನೇಜರ ಮುಂದೆ ಹೋಗಿ ಕುಂತೆ. ಅವರು ತಣ್ಣಗೆ, "ನಿಮ್ದು ಹಳೇ ಲೆಕ್ಕದ ಸಾಲ ಮೇಡಂ, ತಾನಾಗೇ ಅಷ್ಟು ಇಳಿಯಲ್ಲ. ಕೇಳಿದೋರಿಗೆ ಬದಲಾಯಿಸಿ ಕೊಡ್ತೀವ್ರಿ" ಅಂದರು. ಕೇಳಬಹುದು ಅಂತ ನಮಗೆ ಹೇಳಿದ್ದು ಯಾರು ಎಂದು ನಾಲ್ಕು ಮಾತು ಆಡಿಯೇ ಅರ್ಜಿ ಬರೆದೆ. ಶುಲ್ಕ ಕಟ್ಟಿ ಹೊಸ ಬಡ್ಡಿಗೆ ಬಂದೆವು, ಕಂತಿಗೆ ನಾವಾಗಿಯೇ ಎರಡು ಸಾವಿರ ಸೇರಿಸಿದೆವು. ಈಗ ೨೦೩೫ಕ್ಕೆ ಮುಗಿಯುತ್ತದೆ. ಮುಂದೆ ಬಡ್ಡಿ ಏರಿದರೆ ಮತ್ತೆ ಹಿಗ್ಗಬಹುದು. ಇನ್ನು ಮೇಲೆ ವರ್ಷಕ್ಕೊಮ್ಮೆ ಹೋಗಿ ಕೇಳುತ್ತೇನೆ.

ಈ ವಾರವೆಲ್ಲ ಮನಸ್ಸು ಹಗುರಾಗಿದೆ. ಜುಂಜೇಶ್ ಈಗ ಡಿಪೋದಲ್ಲಿ ಎಲ್ಲರ ಸಾಲದ ಕಾಗದ ನೋಡುವ ಪಂಡಿತರಾಗಿದ್ದಾರೆ. ಆದರೆ ಇನ್ನೂ ಹತ್ತು ವರ್ಷ ನಿನ್ನನ್ನು ಜಗಲಿಯಲ್ಲಿ ಕೂರಿಸಲು ನನ್ನಿಂದಾಗದು. ಕಾರ್ತಿಕ ಮುಗಿಯುವುದರೊಳಗೆ ಬಾ, ಮುದ್ದೆ, ಅವರೆಕಾಳಿನ ಸಾರು ಮಾಡುತ್ತೇನೆ.

ನಿನ್ನಷ್ಟೇ ಹಟಮಾರಿಯಾದ ಮಗಳು,
ರಂಜಿತಾ

ತಾ.ಕ.: ಅರ್ಜಿಗೆಂದು ಸಾಲದ ಖಾತೆಯ ಎಂಟು ವರ್ಷದ ವಿವರ ತೆಗೆಸಿದೆ, ನೋಡಿದ್ದು ಇದೇ ಮೊದಲು. ಪ್ರತಿ ಯುಗಾದಿ ಕಳೆದ ಮೇಲೆ ನಿಮ್ಮ ಹಿರಿಯೂರಿನ ಶಾಖೆಯಿಂದ ಇಪ್ಪತ್ತು ಸಾವಿರ ಜಮೆಯಾಗಿದೆ, ಎಂಟು ಸಲ. ಯೋಗೇಶನನ್ನು ಗದರಿಸಿ ಕೇಳಿದೆ. "ಅವ್ವ ಮರಿ ಮಾರಿದ ದುಡ್ಡು ಕಣಕ್ಕ, ಹೇಳಬ್ಯಾಡ ಅಂದೈತೆ" ಅಂದ. ಅವನನ್ನು ಬೈಯಬೇಡ. ಅಡುಗೆಮನೆ ಕಟ್ಟಲು ನಮಗಾದ ಖರ್ಚು ಹೆಚ್ಚುಕಡಿಮೆ ಅಷ್ಟೇ. ಆ ಒಂದು ಕೋಣೆಯ ಸಾಲ ನೀನೇ ತೀರಿಸಿದ್ದೀಯ. ಹಿತ್ತಿಲ ಬಾಗಿಲಿಂದ ನೇರ ಅಡುಗೆಮನೆಗೆ ಬಾ, ಅಲ್ಲೇ ಕುಂತು ಉಣ್ಣು. ಬಾಟಲಿ ತರಬೇಡ.