ಅಪ್ಪನಿಗೆ ಕಾಣುವ ನಾಯಿ

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೧೧

ಪ್ರೀತಿಯ ಅಣ್ಣಾ,

ದವಡೆ ಹೇಗಿದೆ? ಅಗಿಯಲು ಆಗುತ್ತಿದೆಯಾ? ಅಪ್ಪ ಬಟ್ಟೆ ಅಳೆಯುವ ಗಜಕಡ್ಡಿಯಿಂದ ಬಾರಿಸಿದ ಏಟಿಗೆ ರಕ್ತದ ಜೊತೆ ಹಲ್ಲನ್ನೂ ಉಗುಳಿ, ‘ಇವನು ಅಪ್ಪ ಅಲ್ಲ, ಕಟುಕ’ ಎಂದು ಹೋದವನು ಫೋನನ್ನೂ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ನನಗೂ ಪುಟ್ಟಿಗೂ ನಿದ್ದೆಯಿಲ್ಲ. ನಿನಗೆ ಹೋದ ಹಲ್ಲು ಅವಳಿಗೆ ಬರುತ್ತಿದೆ!

ಮೊನ್ನೆ ಮಧ್ಯಾಹ್ನ ಅವಳನ್ನು ಅಪ್ಪನ ಹೊಲಿಗೆ ಕೋಣೆಯಲ್ಲಿ ಮಲಗಿಸಿ ಹಾಲು ಕಾಯಿಸಲು ಹೋಗಿದ್ದೆ. ನಮ್ಮನೆಯವರಿಗೆ ಹಗಲು ಪಾಳಿ, ಮನೆಯಲ್ಲಿರಲಿಲ್ಲ. ಧಡ್ ಎಂದ ಸದ್ದಿಗೆ ಓಡಿಬಂದರೆ, ಅಪ್ಪ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಮಗುವಿನ ಪಕ್ಕದ ದಿಂಬನ್ನು ಇರಿಯುತ್ತಿದ್ದಾರೆ. ಹತ್ತಿ ಹಾರುತ್ತಿದೆ, ಪುಟ್ಟಿ ಚೀರುತ್ತಿದ್ದಾಳೆ. ಅಡ್ಡ ಬಿದ್ದೆ, ನನ್ನ ಅಂಗೈ ಸೀಳಿತು. ‘ಬಿಡೇ, ನಾಯಿ ಮಗೂನ ಹರಿದುಹಾಕುತ್ತೆ!’ ಎಂದು ಕೂಗಿ ನನ್ನನ್ನು ಗೋಡೆಗೆ ಎಸೆದರು. ‘ಎಲ್ಲಿದೆಯಪ್ಪಾ ನಾಯಿ?’ ಎಂದು ನಾನು ಕೇಳಿದಷ್ಟೂ ಅವರ ರೋಷ ಏರಿತು. ಪಕ್ಕದ ಮನೆಯ ಡ್ರೈವರ್ ಮಾಮ ಬಂದು ಹಿಂದಿನಿಂದ ಅಮುಕಿ ಹಿಡಿಯುವಷ್ಟರಲ್ಲಿ ಮಾಮನ ಮೂಗೂ ಒಡೆದಿತ್ತು.

ಆಸ್ಪತ್ರೆಯಲ್ಲಿ ಹೊಸ ಡಾಕ್ಟರಮ್ಮ ಹೆಸರು ಹೇಳಿದರು: ಲೂಯಿ ಬಾಡಿ ಡಿಮೆನ್ಶಿಯ. ‘ವಯಸ್ಸಾದ ಮೇಲೆ ಕೊಬ್ಬು’ ಎಂದಿದ್ದೆಯಲ್ಲ, ಅದಲ್ಲ ಅಣ್ಣಾ. ಗಿರಾಕಿಗಳ ಅಳತೆಯೆಲ್ಲ ಇನ್ನೂ ಬಾಯಲ್ಲೇ ಇರುವಾಗ ಮರೆವಿನ ರೋಗವೆಂದು ಯಾರಿಗೆ ಹೊಳೆಯಬೇಕು? ಇದರಲ್ಲಿ ಮರೆವಿಗಿಂತ ಮೊದಲೇ ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದಂತೆ. ಇಂಥ ರೋಗಿಗಳಿರುವ ಮನೆಯವರು ಆಸ್ಪತ್ರೆಯಲ್ಲೇ ವಾರಕ್ಕೊಮ್ಮೆ ಸೇರುತ್ತಾರೆ. ಹಣೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಟೀಚರಮ್ಮ ಒಬ್ಬರು, ‘ವಾದ ಮಾಡಬೇಡ ಕಣಮ್ಮ, ಆ ನಾಯೀನ ನೀನೇ ಓಡಿಸು. ನಮ್ಮೆಜಮಾನ್ರಿಗೆ ಕಾಣೋದು ಕಳ್ಳರು, ದಿನಾ ನಾನೇ ಪೊಲೀಸು’ ಎಂದು ನಕ್ಕರು. ನಾನು ಅಲ್ಲೇ ಅತ್ತುಬಿಟ್ಟೆ.

ಕತ್ತರಿ, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಬೀಗ ಹಾಕಿದ್ದೇನೆ. ನಿನ್ನೆ ಅಪ್ಪ ಮತ್ತೆ ಮುಷ್ಟಿ ಬಿಗಿದಾಗ ಬಾಗಿಲು ತೆರೆದು, ‘ಹಚಾ! ನಡಿ ಆಚೆ!’ ಎಂದು ಅರಚಿದೆ. ಮುಷ್ಟಿ ಬಿಚ್ಚಿತು. ಆದರೆ ಒಂದು ಕೈಯಲ್ಲಿ ಮಗು, ಇನ್ನೊಂದಕ್ಕೆ ಬ್ಯಾಂಡೇಜು. ಒಬ್ಬಳಿಂದ ಆಗುವುದಿಲ್ಲ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ಬಿಸಿ ಬಿಸಿ ಏನೂ ತಿನ್ನಬೇಡ.

ನಿನ್ನ ತಂಗಿ,
ಚೂಟಿ

ತಾ.ಕ.: ಪುಟ್ಟಿ ಎದ್ದಳು, ಬೇಗ ಬರೆಯುತ್ತೇನೆ. ನಾಯಿ ಹೋದ ಮೇಲೆ ಅಪ್ಪ ನನ್ನ ಕೈ ಹಿಡಿದು, ‘ಅವತ್ತು ಅಣ್ಣನ ಭುಜದ ಮೇಲೇ ಹಾರಿತ್ತು ಕಣೇ. ಎಷ್ಟು ಹೊಡೆದ್ರೂ ಬಿಡಲಿಲ್ಲ. ಅವನ ಕುತ್ತಿಗೆಗೆ ಕಚ್ಚಿಲ್ಲ ತಾನೆ?’ ಎಂದು ಕೇಳಿದರು. ಇವತ್ತು ಬೆಳಿಗ್ಗೆಯೂ ಅದೇ ಮಾತು. ನಾನು ಹೇಳಿದರೆ ನಂಬುತ್ತಿಲ್ಲ. ನೀನೇ ಬಂದು ಕತ್ತು ತೋರಿಸು.