ಬೆಣ್ಣೆಯಿಲ್ಲದ ತಟ್ಟೆ

ಹೊಲಿಗೆ ಕೋಣೆಯಿಂದ,
ತಾರೀಕು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಕಡ್ಡೀ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಮೊನ್ನೆ ಡಯಾಲಿಸಿಸ್ ಮುಗಿಸಿ ಬಂದ ಮೇಲೆ ತಲೆ ಸುತ್ತಿತ್ತೆಂದು ನಿನ್ನ ಗಂಡ ಹೇಳಿದ. ಅವನು ಅರ್ಧ ಹೇಳಿ ಅರ್ಧ ನುಂಗುವವನು, ಚಿಕ್ಕಂದಿನಿಂದಲೂ ಹಾಗೇ. ಆದ್ದರಿಂದ ನೀನೇ ಬರೆ. ನೀರನ್ನು ಅಳತೆ ಮೀರಿ ಕುಡಿಯಬೇಡ, ಬಾಯಾರಿದರೆ ಮುಕ್ಕಳಿಸಿ ಉಗಿ. ಆಸ್ಪತ್ರೆಯ ಹತ್ತಿರದ ಆ ಬಾಡಿಗೆ ಕೋಣೆಯ ಕಿಟಕಿಗೆ ಪರದೆ ಇಲ್ಲವೆಂದಿದ್ದೆಯಲ್ಲ, ಉಳಿದ ಬಿಳಿ ಬಟ್ಟೆಯಲ್ಲಿ ಒಂದು ಜೊತೆ ಹೊಲಿದಿಟ್ಟಿದ್ದೇನೆ. ಇಲ್ಲಿ ಎಲ್ಲರೂ ಸೌಖ್ಯ. ನಿನ್ನ ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ. ಫೋಟೋ ತೆಗೆದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ, ಉಳಿದ ಹೊತ್ತೆಲ್ಲ ತೆರೆದೇ ಇರುತ್ತದೆ. ಫೋನಿರುವಾಗ ಅತ್ತೆ ಕಾಗದವೇಕೆ ಬರೆದಳು ಎಂದುಕೊಳ್ಳುತ್ತೀಯೇನೋ. ಫೋನಿನಲ್ಲಿ ನಾನು ಆ ವಿಷಯ ಎತ್ತಿದ ಕೂಡಲೇ "ಬೇಡ ಅತ್ತೆ, ಅದೊಂದು ಮಾತು ಬಿಟ್ಟು ಬೇರೆ ಹೇಳಿ" ಎಂದು ಗಂಡನ ಕೈಗೆ ಫೋನು ದಾಟಿಸುತ್ತೀ. ಕಾಗದವನ್ನು ಹಾಗೆ ದಾಟಿಸಲಾಗದು. ಕೂತು ಪೂರ್ತಿ ಓದು.

ಆ ವಿಷಯ ಏನೆಂದು ನಿನಗೂ ಗೊತ್ತು. ನಿನಗೊಂದು ಕಿಡ್ನಿ ಬೇಕು. ನಿನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ, ನಿನ್ನ ಗಂಡನ ಕಿಡ್ನಿಯಲ್ಲಿ ಕಲ್ಲಿನ ಗಣಿಯೇ ಇದೆ. ನನ್ನ ರಕ್ತ ಹೊಂದಿತು, ಎಲ್ಲ ಪರೀಕ್ಷೆಗಳೂ ಹೊಂದಿದವು, ಹೊಂದದೇ ಹೋದದ್ದು ನನ್ನ ತೂಕ. "ಇಷ್ಟು ಭಾರ ಇರೋವರಿಗೆ ಆಪರೇಷನ್ ಮಾಡೋದು ಅಪಾಯ ಅಮ್ಮ, ಒಂದು ಹತ್ತು ಕಿಲೋ ಇಳಿಸ್ಕೊಂಡು ಬನ್ನಿ, ಆಮೇಲೆ ನೋಡೋಣ" ಎಂದರು ನಿನ್ನ ಡಾಕ್ಟರು. ಪಕ್ಕದಲ್ಲಿ ಕೂತಿದ್ದ ನಿನ್ನ ಮುಖವನ್ನು ನಾನು ಆಗ ನೋಡಿದೆ. ಒಂದು ನೆಮ್ಮದಿ ಬಂದು ಹೋಯಿತು. ಅರವತ್ತು ದಾಟಿದ ಅತ್ತೆಯ ಕೈಯಲ್ಲಿ ಇದು ಆಗುವ ಮಾತಲ್ಲ, ಸದ್ಯ ಬಚಾವಾದೆ ಎಂದು ನೀನು ಅಂದುಕೊಂಡೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನೀನು ನನ್ನನ್ನು ಇಷ್ಟು ಕಡಿಮೆ ತಿಳಿದೆಯಲ್ಲ ಎಂದು ನನಗೆ ಸಿಟ್ಟು ಬಂತು.

ಮನೆಯ ಊಟ ನನ್ನ ಕೈಯಲ್ಲೇ ಇತ್ತು, ಅದನ್ನು ಇಳಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ನಮ್ಮ ಕಸುಬಿನಿಂದ. ನಾವು ಹೊಲಿಯುವುದೇ ಹೋಟೆಲಿನವರಿಗೆ. ಅಡುಗೆಯವರ ಕೋಟು, ಸಪ್ಲೈಯರ್‌ಗಳ ಅಂಗಿ, ಏಪ್ರನ್ನು, ಮೇಜಿನ ಬಟ್ಟೆ. ಹೊಸ ಯೂನಿಫಾರ್ಮಿನ ಕಾಲ ಬಂದರೆ ದಿನಕ್ಕೊಂದು ಹೋಟೆಲಿಗೆ ಅಳತೆಗೆ ಹೋಗಬೇಕು, ಹೋದರೆ ಮಾಲೀಕರು ಊಟಕ್ಕೆ ಕೂರಿಸದೆ ಬಿಡುವುದಿಲ್ಲ. ಬೇಡ ಎನ್ನುವ ಹಾಗಿಲ್ಲ. "ನಮ್ಮ ಅಡುಗೆ ಹಿಡಿಸದವರಿಗೆ ನಮ್ಮ ಹುಡುಗರ ಅಂಗಿ ಯಾಕೆ ಕೊಡ್ಬೇಕು?" ಎಂದು ಒಬ್ಬ ನನ್ನ ಮುಖಕ್ಕೇ ಹೇಳಿದ್ದು ನೀನೂ ಕೇಳಿದ್ದೀ. ಪಥ್ಯದಲ್ಲಿದ್ದೇನೆ ಎಂದು ಬಾಯಿಬಿಟ್ಟರೆ ಯಾಕೆ ಎನ್ನುತ್ತಾರೆ, ಯಾಕೆ ಎಂದು ಹೇಳಿದರೆ ಪಾಪ ಎನ್ನುತ್ತಾರೆ. ನನಗೆ ಯಾರೂ ಪಾಪ ಎನ್ನಬಾರದು. ಅದಕ್ಕೆ ಸುಮ್ಮನೆ ನನ್ನ ಪಾಡಿಗೆ ದಾರಿ ಹುಡುಕಿಕೊಂಡೆ. ಹೊರಡುವ ಮೊದಲು ಮನೆಯಲ್ಲೇ ಒಂದು ಸೌತೆಕಾಯಿ ತಿಂದು, ಚೊಂಬು ನೀರು ಕುಡಿದು ಹೋಗುವುದು. ಹಸಿದು ಹೋದವಳ ಕೈಗೆ ಬ್ರೆಡ್ಡಿನ ಬುಟ್ಟಿ ಮೊದಲು ಸಿಗುತ್ತದೆ, ಅದು ಗೊತ್ತಾಯಿತು. ಮೆನು ಕಾರ್ಡು ಬಂದರೆ ಕರಿದದ್ದು, ಕೆನೆ ಹಾಕಿದ್ದು ಇರುವ ಸಾಲುಗಳನ್ನು ಓದದೆ ದಾಟಿ, ಎಲೆಯ ಸಲಾಡು ತರಿಸುವುದು. ದನ ಮೇದ ಹಾಗೆ ಮೇದೆ ಎನ್ನು. ತಿಂಗಳ ಕೊನೆಗೆ ಇಲ್ಲಿಯ ಆಸ್ಪತ್ರೆಗೆ ಹೋದರೆ ತೂಕದ ಮುಳ್ಳು ಇಳಿಯುವ ಬದಲು ಏರಿತ್ತು! ಪಥ್ಯ ಹೇಳುವ ಹುಡುಗಿ ಬಹಳ ಮೃದುವಾಗಿ "ಅಮ್ಮ, ಆ ಸೊಪ್ಪಿನ ಮೇಲೆ ಬೆಳ್ಳಗೆ ಏನಾದ್ರೂ ಹಾಕಿರ್ತಾರಾ?" ಎಂದು ಕೇಳಿದಳು. ಹಾಕಿರುತ್ತಾರೆ, ಚೆನ್ನಾಗಿರುತ್ತದೆ, ಇನ್ನೊಂದಿಷ್ಟು ಹಾಕು ಎಂದು ನಾನೇ ಕೇಳುತ್ತಿದ್ದೆ ಎಂದೆ. ಎಣ್ಣೆಯೂ ಮೊಟ್ಟೆಯೂ ಕಡೆದು ಮಾಡಿದ್ದಂತೆ ಅದು. ಒಂದು ಬಟ್ಟಲು ಸೊಪ್ಪಿನ ನೆಪದಲ್ಲಿ ಒಂದು ಪೂರ್ತಿ ಊಟದ ಕ್ಯಾಲೊರಿ ನನ್ನ ಹೊಟ್ಟೆಗೆ ಹೋಗುತ್ತಿತ್ತು. ಆ ಹುಡುಗಿ ನಗದೆ ತಡೆದುಕೊಂಡಳು. ಒಳ್ಳೆಯ ಮನೆಯವಳು.

ಆಮೇಲೆ ನನ್ನ ಕಣ್ಣು ಅಡುಗೆಮನೆಯ ಕಡೆ ತಿರುಗಿತು. ಊಟಕ್ಕೆ ಬರುವವರು ತಟ್ಟೆಯನ್ನಷ್ಟೇ ನೋಡುತ್ತಾರೆ. ನಾನು ಅಳತೆಯ ನೆಪದಲ್ಲಿ ಒಲೆಯ ತನಕ ಹೋಗುವವಳು. ಅಲ್ಲಿ ನೋಡುತ್ತೇನೆ, ಬರೀ ಬೇಯಿಸಿದ ತರಕಾರಿ ಎಂದು ಬರೆದದ್ದರ ಮೇಲೆ, ಬಾಗಿಲು ದಾಟುವ ಮುಂಚೆ, ಒಂದು ಸೌಟು ಕರಗಿದ ಬೆಣ್ಣೆ ಸುರಿಯುತ್ತಾರೆ. ಗಾಜಿನ ಬಾಗಿಲಿನ ದೊಡ್ಡ ಹೋಟೆಲಿನ ಗುಂಡಪ್ಪನಂಥ ಅಡುಗೆಯವನನ್ನು ಬಲ್ಲೆಯಲ್ಲ, ಅವನ ಸೊಂಟಕ್ಕೆ ಟೇಪು ಸುತ್ತಿದ್ದಾಗಲೇ ಕೇಳಿದೆ. ಟೇಪು ಸೊಂಟದ ಮೇಲಿರುವಾಗ ಗಂಡಸರು ಉಸಿರು ಬಿಗಿ ಹಿಡಿದಿರುತ್ತಾರೆ, ವಾದ ಮಾಡುವ ಶಕ್ತಿ ಇರುವುದಿಲ್ಲ. "ಅಮ್ಮಾ, ಬೆಣ್ಣೆ ಇಲ್ಲದಿದ್ರೆ ತರಕಾರಿ ಹೊಳೆಯಲ್ಲ" ಎಂದ. "ನಿನ್ನ ಕೋಟಿನ ಗುಂಡಿ ಹೊಳೆದ್ರೆ ಸಾಕು. ನನ್ನ ತಟ್ಟೆಗೆ ಬೆಣ್ಣೆ ಬಿದ್ದ ದಿನ ನಿನ್ನ ಕೋಟಿಗೆ ಗುಂಡಿನೇ ಇರಲ್ಲ, ನೋಡ್ಕೋ" ಎಂದೆ. ಅವನು ಒಪ್ಪಿಕೊಂಡ. ಹೀಗೆ ಒಂದೊಂದು ಹೋಟೆಲಿನ ಅಡುಗೆಯವನನ್ನೂ ಟೇಪಿನಿಂದ ಕಟ್ಟಿಹಾಕಿದೆ. ಸೂಪಿಗೆ ಕೆನೆ ಇಲ್ಲ, ಮೀನು ಕರಿಯದೆ ಹಬೆಯಲ್ಲಿ, ಗೊಜ್ಜು ಏನಿದ್ದರೂ ಪಕ್ಕದ ಬಟ್ಟಲಿನಲ್ಲಿ, ನಾನು ಚಮಚದ ತುದಿ ಅದ್ದಿಕೊಳ್ಳುವುದು. ತಟ್ಟೆ ಬಂದ ಕೂಡಲೇ, ಬಾಯಿಗಿಡುವ ಮೊದಲೇ, ಅರ್ಧವನ್ನು ಡಬ್ಬಿಗೆ ತುಂಬಿಸಿಬಿಡುವುದು. "ಮನೆಯವರಿಗೆ ನಿಮ್ಮ ಕೈರುಚಿ ಅಂದ್ರೆ ಪ್ರಾಣ" ಎಂದರೆ ಮಾಲೀಕರಿಗೂ ಹಿಗ್ಗು. ಸುಳ್ಳೇನಲ್ಲ, ನಿನ್ನ ಮಾವ ಸಂಜೆಯಾದರೆ ಗೇಟಿನ ಹತ್ತಿರವೇ ನಿಂತು ಡಬ್ಬಿಗೆ ಕೈ ಚಾಚುತ್ತಾರೆ. ನನ್ನ ರವಿಕೆಗಳನ್ನು ನಾನು ಹಿಡಿದು ಬಿಗಿ ಮಾಡಿದ ವಾರದಲ್ಲೇ ಅವರ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡಬೇಕಾಯಿತು. ಮನೆಯ ಒಟ್ಟು ತೂಕದಲ್ಲಿ ಏನೂ ವ್ಯತ್ಯಾಸವಾದಂತಿಲ್ಲ.

ಹೋದ ತಿಂಗಳು ಮಾತ್ರ ಗುಟ್ಟು ರಟ್ಟಾಯಿತು. ಗಾಜಿನ ಬಾಗಿಲಿನ ಹೋಟೆಲಿನಲ್ಲೇ. ನಮ್ಮ ದೊಡ್ಡ ಗಿರಾಕಿ ಅವರು, ಅವರ ಆರ್ಡರ್ ಹೋದರೆ ನಮ್ಮ ಅರ್ಧ ಮೆಷಿನುಗಳಿಗೆ ಕೆಲಸವಿಲ್ಲ. ಅಂದು ಮೀಸೆ ಮಾಲೀಕರು ತಾವೇ ನನ್ನ ಎದುರು ಕೂತರು. ಮಾತಾಡುತ್ತಾ ಸಲಿಗೆಯಿಂದ ನನ್ನ ತಟ್ಟೆಯ ಒಂದು ಹೋಳು ಮೀನನ್ನು ಫೋರ್ಕಿಗೆ ಚುಚ್ಚಿ ಬಾಯಿಗೆ ಹಾಕಿಕೊಂಡರು. ಮೀಸೆ ನೆಟ್ಟಗಾಯಿತು. "ಥೂ, ಏನಿದು, ಆಸ್ಪತ್ರೆ ಊಟ! ಯಾರು ಮಾಡಿದ್ದು? ಕರೀರಿ ಅವನನ್ನ!" ನಮ್ಮ ಅಡುಗೆಯವನು ಬಂದ. ಟ್ರಯಲ್ಲಿಗೆ ಹಾಕಿದ್ದ ಹೊಸ ಕೋಟು ಮೈಮೇಲಿತ್ತು, ತೋಳಿನಲ್ಲಿ ನನ್ನ ಗುಂಡುಪಿನ್ನುಗಳು ಹಾಗೇ ಇದ್ದವು. "ಅಮ್ಮಾವ್ರ ಮುಂದೆ ನನ್ನ ಮಾನ ಕಳೆದ್ಯಲ್ಲೋ! ಇವತ್ತೇ ಕೋಟು ಬಿಚ್ಚಿಟ್ಟು ನಡಿ" ಎಂದು ಕೂಗಾಡಿದರು. ಅವನು ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ನಾನು ಸುಮ್ಮನಿದ್ದಿದ್ದರೆ ಬೇರೆ ತಟ್ಟೆ ಬರುತ್ತಿತ್ತು, ಬೆಣ್ಣೆ ಹಾಕಿದ್ದು, ಅದನ್ನು ತಿಂದು ಆರ್ಡರ್ ಉಳಿಸಿಕೊಂಡು ಬರಬಹುದಿತ್ತು. ಆದರೆ ನನ್ನ ಮಾತಿಗೆ ಕಟ್ಟುಬಿದ್ದವನ ಕೆಲಸ ಹೋಗುತ್ತಿರುವಾಗ ತಟ್ಟೆ ನೋಡುತ್ತಾ ಕೂರುವುದು ನನ್ನಿಂದಾಗದು. "ಅವನಿಗೇನೂ ಅನ್ಬೇಡಿ. ಹೀಗೇ ಮಾಡು ಅಂತ ನಾನೇ ಹೇಳಿದ್ದು. ನನ್ನ ಸೊಸೆಗೆ ಕಿಡ್ನಿ ಕೊಡ್ಬೇಕು, ಅದಕ್ಕೆ ತೂಕ ಇಳಿಸ್ತಿದ್ದೀನಿ" ಎಂದುಬಿಟ್ಟೆ. ನನ್ನ ದನಿ ನಿನಗೆ ಗೊತ್ತು, ಮೆಷಿನುಗಳ ಸದ್ದಿನ ಮೇಲೆ ಮಾತಾಡಿ ರೂಢಿ. ಇಡೀ ಹಾಲಿಗೆ ಕೇಳಿಸಿತು. ಪಕ್ಕದ ಮೇಜಿನವರ ಚಮಚಗಳೂ ನಿಂತವು.

ಮಾಲೀಕರು ಮೀಸೆ ಸವರಿಕೊಂಡು "ಸೊಸೆಗಾ? ಮಗಳಿಗಲ್ವಾ?" ಎಂದರು. "ಸೊಸೆಗೆ. ಯಾಕೆ, ಸೊಸೆಗೆ ಬೇರೆ ಅಳತೆ ಇದ್ಯಾ?" ಎಂದೆ. ಅವರು ಪಾಪ ಎನ್ನಲಿಲ್ಲ. ಅಡುಗೆಯವನ ಕಡೆ ತಿರುಗಿ "ನನಗೂ ಅದೇ ಒಂದು ತಟ್ಟೆ ತಾ" ಎಂದರು. ತಂದ. ತಿಂದರು. ಒಂದೊಂದು ತುತ್ತಿಗೂ ಮುಖ ಒಂದೊಂದು ಥರ. "ಉಪ್ಪಾದ್ರೂ ಹಾಕ್ಬಹುದೇನೋ?" ಎಂದು ಮೆಲ್ಲಗೆ ಕೇಳಿದರೆ ಆ ಗುಂಡಪ್ಪ "ಅಮ್ಮ ಇನ್ನೂ ಅಪ್ಪಣೆ ಕೊಟ್ಟಿಲ್ಲ ಸಾರ್" ಎನ್ನಬೇಕೇ! ಆದರೂ ಬಿಡದೆ ಖಾಲಿ ಮಾಡಿದರು. ಬಾಗಿಲ ತನಕ ಬಂದು "ಆಪರೇಷನ್ ಯಾವಾಗ? ನಮ್ಮ ಕೋಟು ತಡವಾದ್ರೂ ಪರವಾಗಿಲ್ಲ ಅಮ್ಮಾವ್ರೆ" ಎಂದರು. ತಡವಾಗುವುದೇ, ನಮ್ಮ ಅಂಗಡಿಯಲ್ಲಿ? ಎರಡು ದಿನ ಮುಂಚೆಯೇ ಕಳಿಸಿಕೊಟ್ಟೆ. ಸುದ್ದಿ ಒಂದು ಅಡುಗೆಮನೆಯಿಂದ ಇನ್ನೊಂದಕ್ಕೆ ಹೇಗೋ ಹೋಯಿತು. ಈಗ ನಾನು ಯಾವ ಹೋಟೆಲಿನಲ್ಲಿ ಕೂತರೂ ಕಾರ್ಡು ಬರುವುದೇ ಇಲ್ಲ, ನನ್ನ ತಟ್ಟೆ ತಾನಾಗಿ ಬರುತ್ತದೆ, ಬ್ರೆಡ್ಡಿನ ಬುಟ್ಟಿ ನನ್ನ ಮೇಜನ್ನು ಸುತ್ತುಬಳಸಿ ಹೋಗುತ್ತದೆ. ಒಬ್ಬ ಸಪ್ಲೈಯರ್ ಅಂತೂ ನಾನು ಪಕ್ಕದವರ ಹುರಿದ ಆಲೂಗಡ್ಡೆಯ ಕಡೆ ನೋಡಿದ್ದಕ್ಕೇ ನಡುವೆ ಬಂದು ನಿಂತ.

ಇನ್ನು ಅಂಗಡಿಯ ಮಾತು. ನಿನ್ನ ಕತ್ತರಿಯನ್ನು ಯಾರೂ ಮುಟ್ಟಿಲ್ಲ. ಕಟಿಂಗ್ ಮೇಜಿಗೆ ಹೊಸಬನನ್ನು ಹಾಕಿದ್ದೇನೆ, ಕೈ ಪರವಾಗಿಲ್ಲ. ಆದರೆ ನಾನು ಏನು ಹೇಳಿದರೂ "ಹೂಂ ಅಮ್ಮ." ಇಲ್ಲಿ ಎಲ್ಲರೂ ಹೂಂ ಅಮ್ಮ. ಮೊನ್ನೆ ನಾನೇ ಅವಸರದಲ್ಲಿ ಏಪ್ರನ್ನಿನ ಕುತ್ತಿಗೆಯ ಅಳತೆ ತಪ್ಪು ಹೇಳಿದೆ. ಎಲ್ಲರಿಗೂ ಕಂಡಿದೆ, ಒಬ್ಬರೂ ಬಾಯಿ ಬಿಡದೆ ಇಡೀ ಕಟ್ಟು ಕತ್ತರಿಸಿಟ್ಟರು. ಕೂಸಿನ ತಲೆಯೂ ತೂರದು. ನೀನಿದ್ದಿದ್ದರೆ ಕತ್ತರಿ ಕೆಳಗಿಟ್ಟು "ಅತ್ತೆ, ಇದನ್ನ ಯಾರು ಹಾಕ್ಕೋತಾರೆ, ಬಾಟಲಿಗಳಾ?" ಎನ್ನುತ್ತಿದ್ದೆ. ಒಂದು ಗಂಟೆ ಜಗಳ ಆಗುತ್ತಿತ್ತು, ಏಪ್ರನ್ ಸರಿಯಾಗಿರುತ್ತಿತ್ತು. ಅತ್ತೆಯ ಋಣ ಜನ್ಮದಲ್ಲಿ ತೀರದು, ಅದನ್ನು ಹೊತ್ತು ಹೇಗೆ ಬದುಕಲಿ ಎಂದು ನೀನು ಗಂಡನ ಹತ್ತಿರ ಕಣ್ಣೀರಿಟ್ಟೆಯಂತೆ. ಅವನು ಆ ಅರ್ಧವನ್ನು ಮಾತ್ರ ನುಂಗದೆ ನನಗೆ ಹೇಳಿದ. ಚೆನ್ನಾಗಿ ಕೇಳಿಸಿಕೋ. ನೀನು ನನಗೆ ಏನನ್ನೂ ತೀರಿಸಬೇಕಾಗಿಲ್ಲ. ಆಪರೇಷನ್ ಆದ ಮೇಲೆ ನೀನೂ ತಲೆ ತಗ್ಗಿಸಿ ಹೂಂ ಅತ್ತೆ ಎನ್ನಲು ಶುರು ಮಾಡಿದರೆ ನಾನು ಇಷ್ಟು ದಿನ ಉಪ್ಪಿಲ್ಲದ ಮೀನು ತಿಂದದ್ದು ದಂಡ. ನನಗೇನಾದರೂ ಆದರೆ ಎಂಬುದು ನಿನ್ನ ಇನ್ನೊಂದು ಹೆದರಿಕೆ. ಆಗಬಹುದಾದ್ದನ್ನೆಲ್ಲ ಡಾಕ್ಟರ ಬಾಯಿಂದ ಬಿಡಿಸಿ ಬಿಡಿಸಿ ಕೇಳಿದ್ದೇನೆ. ಕೇಳಿದ ಮೇಲೂ ನನ್ನ ಮನಸ್ಸು ಅಲ್ಲಾಡಲಿಲ್ಲ. ಅದು ನನ್ನ ತೀರ್ಮಾನ, ಅದಕ್ಕೆ ನಿನ್ನ ಅಪ್ಪಣೆ ಬೇಕಾಗಿಲ್ಲ.

ಮಾವ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಮಗಳು ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ್ದು. ನಿನ್ನ ಗಂಡನಿಗೆ ಸರಿಯಾಗಿ ತಿನ್ನಲು ಹೇಳು. ಹೆದರಬೇಡ. ಬಹುಕಾಲ ಬಾಳು, ಮೊದಲಿನ ಹಾಗೆ ಬಾಯಿ ಮಾಡಿಕೊಂಡು ಬಾಳು.

ಇಂತಿ ನಿನ್ನ ಅತ್ತೆ

ಮರೆತಿದ್ದೆ: ಶುಕ್ರವಾರ ತೂಕ ನೋಡಿಸಿದೆ. ಡಾಕ್ಟರು ಹೇಳಿದ್ದಕ್ಕಿಂತ ಕೆಳಗೇ ಇದೆ. ಇಲ್ಲಿಯ ಆಸ್ಪತ್ರೆಯವರು ನಿನ್ನ ಡಾಕ್ಟರಿಗೆ ಫೋನ್ ಮಾಡಿದರು, ಕಳಿಸಿ ಎಂದರಂತೆ. ನನ್ನ ಸಹಿ ಆಗಿದೆ, ಇನ್ನು ನಿನ್ನದೊಂದು ಬಾಕಿ. ನೀನು ಬೇಡ ಎಂದರೆ ಅವರು ಮುಟ್ಟುವುದಿಲ್ಲ, ಅದು ನನಗೂ ಗೊತ್ತು. ಹೇಳುವುದಿದ್ದರೆ ಎದುರಿಗೇ ಹೇಳು, ಗುರುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ನಿಲ್ದಾಣಕ್ಕೆ ನಿನ್ನ ಗಂಡನನ್ನು ಕಳಿಸು. ದಪ್ಪ ಹೆಂಗಸನ್ನು ಹುಡುಕುತ್ತಾ ನಿಲ್ಲಬೇಡ ಎಂದು ಹೇಳು. ನೀನು ಬರಬೇಡ, ಅಲ್ಲಿ ಮೆಟ್ಟಿಲು ಜಾಸ್ತಿ.